ಜಂಪಿಂಗ್ ಸವಾರರಿಗೆ ಡ್ರೆಸಾಜ್ ಅಭ್ಯಾಸ ಟೆಸ್ಟ್: ಹೋಗಿ, ಆದರೆ ಕೇಳಿಸಿಕೊಳ್ಳೋಕೆ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಜಡ್ಜ್ ಎದುರು ಅಭ್ಯಾಸ ಟೆಸ್ಟ್ ಮಾಡಿಸಿ ಸಲಹೆ ಕೊಡುವ ಈ ಸೇವೆ ನನಗೆ ತುಂಬಾ ಹಿಡಿಸಿತು. 5ಕ್ಕೆ 4 ಕೊಡುತ್ತೇನೆ. ಪೂರ್ತಿ 5 ಕೊಡದಿರುವುದಕ್ಕೂ ಕಾರಣ ಇದೆ, ಅದನ್ನೂ ಬರೆಯುತ್ತೇನೆ.

ಷೋ ಜಂಪಿಂಗ್ (ಕುದುರೆಯಿಂದ ಬೇಲಿ ಹಾರಿಸುವ ಸ್ಪರ್ಧೆ) ಮಾಡಿಕೊಂಡೇ ಬಂದವರಿಗೆ ಡ್ರೆಸಾಜ್ (ಬೇಲಿ ಇಲ್ಲದೆ, ಗೊತ್ತುಮಾಡಿದ ಚಲನೆಗಳನ್ನು ಕುದುರೆಯಿಂದ ಮಾಡಿಸುವ ವಿಭಾಗ) ಒಮ್ಮೆ ಮಾಡಿ ನೋಡೋಣ ಅನ್ನಿಸಿದರೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಒಂದೋ ಕೋಚ್ ಹತ್ತಿರ ಪಾಠಕ್ಕೆ ಸೇರಬೇಕು, ಇಲ್ಲವೇ ಧೈರ್ಯ ಮಾಡಿ ಕೆಳಹಂತದ ಸ್ಪರ್ಧೆಗೆ ಹೆಸರು ಕೊಡಬೇಕು. ಪಾಠದಲ್ಲಿ ಪೂರ್ತಿ ಟೆಸ್ಟ್, ಅಂದರೆ ಆ ಚಲನೆಗಳ ಇಡೀ ಸರಣಿ, ಮಾಡುವ ಅವಕಾಶ ಬೇಗ ಬರುವುದಿಲ್ಲ. ಸ್ಪರ್ಧೆಯಲ್ಲಿ ಟೆಸ್ಟ್ ಮುಗಿದ ಮೇಲೆ ಅಂಕದ ಹಾಳೆ ಕೈಗೆ ಬರುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಜಡ್ಜ್ ಬೇರೆ ಕುದುರೆಯನ್ನು ನೋಡುತ್ತಿರುತ್ತಾರೆ, "ಇಲ್ಲಿ 5 ಯಾಕೆ ಬಂತು?" ಅಂತ ಕೇಳೋಣ ಅಂದರೆ ಯಾರೂ ಸಿಗುವುದಿಲ್ಲ. ಅಭ್ಯಾಸ ಟೆಸ್ಟ್ ಈ ಎರಡರ ನಡುವೆ ಬರುತ್ತದೆ. ಜಡ್ಜ್ ಎದುರು ಟೆಸ್ಟ್ ಮಾಡುತ್ತೀರಿ, ಅವರು ಅಂಕ ಹಾಕುತ್ತಾರೆ, ಆಮೇಲೆ ನಿಮ್ಮ ಹತ್ತಿರ ಬಂದು ಮಾತಾಡುತ್ತಾರೆ, ತಿದ್ದಿಸುತ್ತಾರೆ, ಅದೇ ಟೆಸ್ಟ್ ಇನ್ನೊಮ್ಮೆ ಮಾಡಿಸುತ್ತಾರೆ.

ವ್ಯವಸ್ಥೆ ಸರಳವಾಗಿತ್ತು. 20 ಮೀಟರ್ ಅಗಲ, 40 ಮೀಟರ್ ಉದ್ದದ ಅರೀನಾ. ಸುತ್ತ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಅಕ್ಷರದ ಫಲಕಗಳು. ಸಿ ಹತ್ತಿರ ಜಡ್ಜ್ ಕೂತಿದ್ದರು, ಪಕ್ಕದಲ್ಲಿ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಒಬ್ಬರು. ವಾಕ್ (ನಡಿಗೆ) ಮತ್ತು ಟ್ರಾಟ್ (ನಿಧಾನ ಓಟ) ಮಾತ್ರ ಇರುವ ಶುರುವಿನ ಟೆಸ್ಟನ್ನೇ ಆರಿಸಿಕೊಳ್ಳಿ ಅಂತ ಅವರೇ ಮೊದಲು ತಿಳಿಸಿದ್ದರು. ದೊಡ್ಡ ಬೇಲಿ ಹಾರಿಸುವವರಿಗೆ ಇದು ಸ್ವಲ್ಪ ಚಿಕ್ಕದು ಅನ್ನಿಸಬಹುದು. ಆದರೆ ಈ ಸಲಹೆ ನೂರಕ್ಕೆ ನೂರು ಸರಿ. ಟ್ರಾಟ್‌ಗಿಂತ ವೇಗದ ಕ್ಯಾಂಟರ್ ಇಲ್ಲದಿದ್ದರೆ ಕುದುರೆ ಅವಸರಕ್ಕೆ ಬೀಳುವುದಿಲ್ಲ, ಸವಾರನಿಗೂ ಯೋಚಿಸೋಕೆ ಸಮಯ ಸಿಗುತ್ತದೆ, ಹೇಳಿದ್ದು ಕಿವಿಗೆ ಬೀಳುತ್ತದೆ. ಟೆಸ್ಟನ್ನು ಬಾಯಿಪಾಠ ಮಾಡಲೇಬೇಕು ಅಂತಲೂ ಇರಲಿಲ್ಲ. ಬೇಕಾದವರಿಗೆ ಹೊರಗೆ ನಿಂತು ಒಬ್ಬರು ಒಂದೊಂದೇ ಸಾಲು ಓದಿ ಹೇಳುತ್ತಿದ್ದರು.

ಈ ಸೇವೆಯ ಅಸಲಿ ಗುಣ ಇರುವುದು ಸಲಹೆ ಕೊಡುವ ಕ್ರಮದಲ್ಲಿ. ಟೆಸ್ಟ್ ನಡೆಯುವಾಗ ಜಡ್ಜ್ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಎದ್ದು ಬಂದು ಕುದುರೆಯ ಭುಜದ ಪಕ್ಕ ನಿಂತು, ಅದರ ಕತ್ತಿನ ಮೇಲೆ ಒಮ್ಮೆ ಕೈಯಾಡಿಸಿ, "ನಿಮಗೆ ಹೇಗನ್ನಿಸಿತು?" ಅಂತ ಕೇಳಿದರು. ನಾವು ಹೇಳುವಷ್ಟೂ ಹೇಳಿ ಮುಗಿಸುವವರೆಗೆ ಕಾದರು. ಆಮೇಲೆ ಅವರು ಹೇಳಿದ್ದು ಎರಡೇ ಎರಡು ವಿಷಯ. ಹಾಳೆಯಲ್ಲಿ ಹತ್ತು ಹದಿನೈದು ಟಿಪ್ಪಣಿ ಇದ್ದರೂ ಬಾಯಲ್ಲಿ ಎರಡೇ. "ಉಳಿದದ್ದು ಮನೆಗೆ ಹೋಗಿ ಓದಿ, ಈಗ ಇವೆರಡು ಸರಿ ಮಾಡೋಣ" ಅಂದರು. ಸಲಹೆ ತೆಗೆದುಕೊಳ್ಳುವವರ ಕಷ್ಟ ಗೊತ್ತಿರುವವರು ಮಾತ್ರ ಹೀಗೆ ಮಾಡೋಕೆ ಸಾಧ್ಯ.

ಯಾಕೆ ಕಷ್ಟ ಅಂದರೆ, ಇಲ್ಲಿಗೆ ಬರುವವರು ಏನೂ ಗೊತ್ತಿಲ್ಲದ ಹೊಸಬರಲ್ಲ. ಸವಾರಿ ಬರುತ್ತದೆ. ಮೈಗೆ ಅಭ್ಯಾಸಗಳಿವೆ, ಅವು ಬೇರೆ ಕಡೆ ಫಲ ಕೊಟ್ಟ ಅಭ್ಯಾಸಗಳು. ಬೇಲಿ ಹಾರುವಾಗ ಸೊಂಟ ಜೀನಿನಿಂದ ಎದ್ದಿರಬೇಕು, ಪಾದ ಇಡುವ ಸ್ಟಿರಪ್ ಗಿಡ್ಡ ಇರಬೇಕು, ಮೈ ಮುಂದಕ್ಕೆ ಬಾಗಬೇಕು, ಕುದುರೆ ಕತ್ತು ಚಾಚೋಕೆ ಲಗಾಮು ಬಿಟ್ಟುಕೊಡಬೇಕು. ಡ್ರೆಸಾಜ್‌ನಲ್ಲಿ ಇದೆಲ್ಲ ಬೇರೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ನಿಲ್ಲಬೇಕು, ಕಾಲು ಉದ್ದಕ್ಕೆ ಇಳಿಯಬೇಕು, ಕೈಗೂ ಕುದುರೆಯ ಬಾಯಿಗೂ ನಡುವಿನ ಸಂಪರ್ಕ ಕಡಿಯಬಾರದು. ಹಾಗಾಗಿ ಯಾರಾದರೂ "ಮೈ ಹಿಂದಕ್ಕೆ ತನ್ನಿ" ಅಂದ ತಕ್ಷಣ, "ನಮ್ಮಲ್ಲಿ ಹಾಗಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಅಹಂಕಾರ ಇರಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಅದು ಬರೀ ಗೊಂದಲ, ಅಷ್ಟೇ. ಆದರೆ ಎದುರಿಗಿರುವವರಿಗೆ ಅದು ವಾದದ ಹಾಗೆ ಕೇಳಿಸುತ್ತದೆ, ಮತ್ತು ನಿಮ್ಮ ಪಾಲಿನ ಸಮಯದಲ್ಲಿ ಒಂದಷ್ಟು ನಿಮಿಷ ಅಲ್ಲೇ ಕಳೆದುಹೋಗುತ್ತವೆ.

ನಮ್ಮ ಗುಂಪಿನಲ್ಲಿ ಇದ್ದ ಒಬ್ಬ ಯುವಕ ಒಳ್ಳೆಯ ಜಂಪಿಂಗ್ ಸವಾರ, ಕೈ ತುಂಬಾ ಮೃದು. "ಮೇಡಂ, ಬೇಲಿ ಮುಂದೆ ಹೀಗೆ ಕೂತರೆ ಕುದುರೆ ಬೆನ್ನಿಗೆ ಭಾರ ಆಗಲ್ವಾ?" ಅಂತ ಕೇಳಿದ. ಜಡ್ಜ್ ಕೋಪ ಮಾಡಿಕೊಳ್ಳಲಿಲ್ಲ. "ಬೇಲಿ ಮುಂದೆ ನೀವು ಹೇಳಿದ್ದೇ ಸರಿ. ಈಗ ಬೇಲಿ ಇಲ್ಲವಲ್ಲ. ಒಂದು ಸುತ್ತು ನಾನು ಹೇಳಿದ ಹಾಗೆ ಬನ್ನಿ, ಕುದುರೆ ಏನು ಮಾಡಿತು ಅಂತ ನೀವೇ ಬಂದು ನನಗೆ ಹೇಳಿ" ಅಂದರು. ಅವನು ಒಂದು ಸುತ್ತು ಹೋದ. ಅರ್ಧ ಸುತ್ತಿಗೇ ಕುದುರೆ ಮೂಗಿನಿಂದ ಉಸಿರು ಬಿಟ್ಟು, ಕತ್ತು ಸ್ವಲ್ಪ ಕೆಳಗೆ ಬಿಟ್ಟು, ಬಾಲ ಸಡಿಲ ಬಿಟ್ಟು ಹೆಜ್ಜೆ ಹಾಕತೊಡಗಿತು. ಹೊರಗೆ ನಿಂತವರಿಗೆಲ್ಲ ಕಾಣಿಸಿತು. ವಾಪಸ್ ಬಂದು ಅವನೇ ಹೇಳಿದ, "ಕುದುರೆ ಬೆನ್ನು ಮೇಲೆ ಎದ್ದು ಬಂದ ಹಾಗಾಯ್ತು ಮೇಡಂ." ಅಲ್ಲಿಗೆ ಚರ್ಚೆ ಮುಗಿಯಿತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಈ ಕ್ರಮ ನನಗೆ ಎಷ್ಟು ಇಷ್ಟವಾಯಿತು ಅಂದರೆ, ಹೊಸ ವಿಭಾಗಕ್ಕೆ ಹೋಗುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ. ಸಲಹೆ ಬಂದಾಗ ಬಾಯಿಂದ ಉತ್ತರ ಕೊಡಬೇಡಿ, ಒಂದು ಸುತ್ತು ಸವಾರಿಯಿಂದ ಉತ್ತರ ಕೊಡಿ. ಅರ್ಧಂಬರ್ಧ ಮಾಡಿ "ನೋಡಿ, ಆಗಲ್ಲ" ಅನ್ನುವುದಲ್ಲ, ಪೂರ್ತಿ ಮನಸ್ಸಿಟ್ಟು ಒಂದು ಸುತ್ತು. ಆಮೇಲೆ ಕುದುರೆ ಹೇಗೆ ಸ್ಪಂದಿಸಿತು ಅನ್ನುವುದನ್ನು ವರದಿ ಒಪ್ಪಿಸಿ. ಒಳ್ಳೆಯ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ, ಮತ್ತು ಸಲಹೆ ನಿಜವಾಗಲೂ ಹೊಂದದಿದ್ದರೆ ಅದೂ ಆ ವರದಿಯಲ್ಲೇ ಹೊರಗೆ ಬರುತ್ತದೆ.

ವೃತ್ತದ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಉಪಯೋಗವಾದದ್ದು ಅದೇ. ಶುರುವಿನ ಟೆಸ್ಟ್‌ಗಳಲ್ಲಿ 20 ಮೀಟರ್ ವ್ಯಾಸದ ವೃತ್ತ ಇದ್ದೇ ಇರುತ್ತದೆ. ಕೇಳೋಕೆ ಸುಲಭ. ಎ ಹತ್ತಿರ ಶುರುವಾಗುವ ವೃತ್ತ ಅಂದುಕೊಳ್ಳಿ. ಅದು ಅರೀನಾದ ಅಂಚನ್ನು ಎ ಬಿಂದುವಿನಲ್ಲಿ ಮುಟ್ಟಬೇಕು, ನಡುಮಧ್ಯದ ಎಕ್ಸ್ ಮೂಲಕ ಹಾಯಬೇಕು, ಎರಡು ಪಕ್ಕದ ಉದ್ದ ಗೋಡೆಗಳನ್ನು ಒಂದೊಂದು ಕಡೆ ಮುಟ್ಟಬೇಕು. ಆ ಪಕ್ಕದ ಬಿಂದುಗಳು ಎಲ್ಲಿ? ಮೂಲೆಯಿಂದ 10 ಮೀಟರ್. ಕೆ ಮತ್ತು ಎಫ್ ಫಲಕಗಳು ಇರುವುದು ಮೂಲೆಯಿಂದ 6 ಮೀಟರ್‌ನಲ್ಲಿ. ಅಂದರೆ ಫಲಕ ದಾಟಿ ಇನ್ನೂ 4 ಮೀಟರ್ ಮುಂದೆ ಹೋಗಿ ಗೋಡೆ ಮುಟ್ಟಬೇಕು, ಮುಟ್ಟಿದ ತಕ್ಷಣ ಬಿಡಬೇಕು. ಅಲ್ಲಿ ಗುರುತು ಏನೂ ಇರುವುದಿಲ್ಲ.

ಜಂಪಿಂಗ್ ಸವಾರರ ವೃತ್ತ ಯಾಕೆ ಹಾಳಾಗುತ್ತದೆ ಅಂತ ಜಡ್ಜ್ ಚೆನ್ನಾಗಿ ಬಿಡಿಸಿ ಹೇಳಿದರು. ಬೇಲಿಗೆ ನೇರ ಗೆರೆ ಸಿಗಲಿ ಅಂತ ನಾವು ಮೂಲೆಯ ಒಳಗೆ ಆಳಕ್ಕೆ ಹೋಗುತ್ತೇವೆ. ಅದು ಅಲ್ಲಿ ಜಾಣತನ. ಅದೇ ಅಭ್ಯಾಸ ಇಲ್ಲಿ ಬಂದರೆ ವೃತ್ತದ ಒಂದು ಕಡೆ ಚೌಕ ಆಗುತ್ತದೆ, ಎಕ್ಸ್ ಕಡೆ ಬರುವಾಗ ಗೋಡೆ ಇಲ್ಲದ್ದರಿಂದ ಕುದುರೆ ಹೊರಗೆ ಜಾರಿ ಆ ಕಡೆ ಮೊಟ್ಟೆ ಆಕಾರ ಬರುತ್ತದೆ. ಇಷ್ಟು ಹೇಳಿ ಬಿಡಲಿಲ್ಲ. ಎಲ್ಲರನ್ನೂ ಕುದುರೆಯಿಂದ ಇಳಿಸಿದರು. ಅಳತೆ ಟೇಪ್ ತಂದು, ಮೂಲೆಯಿಂದ 10 ಮೀಟರ್ ಅಳೆದು, ನಾಲ್ಕು ಬಿಂದುಗಳಲ್ಲಿ ಕೋನ್ ಇಟ್ಟು, ನಮ್ಮ ಕಾಲಲ್ಲೇ ಆ ವೃತ್ತ ನಡೆಸಿದರು. ಒಂದು ಕೋನ್‌ನಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿಸಿದರು. ನಾಲ್ಕೂ ಭಾಗಕ್ಕೆ ಹೆಜ್ಜೆ ಸಮ ಬಂದರೆ ಮಾತ್ರ ವೃತ್ತ. ಆಮೇಲೆ ಕುದುರೆ ಮೇಲೆ ಕೂತು ಟ್ರಾಟ್‌ನಲ್ಲಿ ಅದೇ ಎಣಿಕೆ. ಎಣಿಕೆ ಹಿಡಿದ ಮೇಲೆ ವಾದಕ್ಕೆ ಜಾಗವೇ ಇಲ್ಲ. ಮೂರನೇ ಭಾಗದಲ್ಲಿ ಹೆಜ್ಜೆ ಜಾಸ್ತಿ ಬಂತು ಅಂದರೆ ಬಂತು, ಅದನ್ನು ನೀವೇ ಎಣಿಸಿದ್ದೀರಿ. ಸಲಹೆಯನ್ನು ಅಳತೆಯ ರೂಪದಲ್ಲಿ ಕೊಟ್ಟರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ ಅನ್ನುವುದು ಅಲ್ಲಿ ಕಣ್ಣಾರೆ ಕಂಡೆ.

ನಡುಗೆರೆಯಲ್ಲಿ ನೇರ ಬರುವುದು ಇನ್ನೊಂದು. ಎ ಇಂದ ಒಳಗೆ ಬಂದು ಸಿ ಕಡೆ ನೇರ ಹೋಗಬೇಕು, ಎದುರಿಗೇ ಜಡ್ಜ್, ಅವರಿಗೆ ಒಂದಿಂಚು ಓಲಾಡಿದರೂ ಕಾಣುತ್ತದೆ. ಹೊಸಬರು ಜೋಪಾನ ಮಾಡೋಕೆ ಹೋಗಿ ನಿಧಾನ ಮಾಡುತ್ತಾರೆ, ನಿಧಾನವಾದಷ್ಟೂ ಕುದುರೆ ಓಲಾಡುತ್ತದೆ, ಸೈಕಲ್ ತುಂಬಾ ನಿಧಾನ ತುಳಿದರೆ ಹ್ಯಾಂಡಲ್ ಅತ್ತಿತ್ತ ಹೋಗುತ್ತದಲ್ಲ, ಹಾಗೆ. "ಇನ್ನೂ ಸ್ವಲ್ಪ ಮುಂದಕ್ಕೆ ನಡೆಸಿ, ಕಣ್ಣು ನನ್ನ ತಲೆ ಮೇಲೆ ಇರಲಿ" ಅಂದರು. ಮುಂದಕ್ಕೆ ನಡೆಸುವುದು ಜಂಪಿಂಗ್‌ನವರಿಗೆ ಚೆನ್ನಾಗಿ ಬರುವ ಕೆಲಸ. ಆದ್ದರಿಂದ ಈ ಸಲಹೆ ಎಲ್ಲರಿಗೂ ಒಂದೇ ಏಟಿಗೆ ಹತ್ತಿತು. ಹಳೆಯದೆಲ್ಲ ಬಿಟ್ಟು ಬರಬೇಕು ಅಂತೇನಿಲ್ಲ ಅನ್ನುವ ಧೈರ್ಯವೂ ಅದರಿಂದ ಬಂತು.

ಕೈಯ ವಿಷಯದಲ್ಲೂ ಹಾಗೆಯೇ. ವಾಕ್‌ನಲ್ಲಿ ಕುದುರೆ ಹೆಜ್ಜೆಗೆ ತಕ್ಕ ಹಾಗೆ ತಲೆ ಆಡಿಸುತ್ತದೆ, ಹಾಗಾಗಿ ಮೊಣಕೈ ಆ ಆಟದ ಜೊತೆ ಹೋಗಬೇಕು. ಟ್ರಾಟ್‌ನಲ್ಲಿ ತಲೆ ಬಹುಪಾಲು ಸ್ಥಿರ, ಆದ್ದರಿಂದ ನಾವು ಏಳುತ್ತ ಕೂರುತ್ತ ಇದ್ದರೂ ಕೈ ಒಂದೇ ಕಡೆ ನಿಲ್ಲಬೇಕು. ಜಡ್ಜ್ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು. ನನಗೆ ಇದು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

ಸ್ಟಿರಪ್ ಉದ್ದ ಮಾಡಿಸುವಾಗ ಮಾತ್ರ ಎಲ್ಲರ ಮುಖದಲ್ಲೂ ಆತಂಕ ಇತ್ತು. ಎರಡು ರಂಧ್ರ ಕೆಳಗೆ ಇಳಿಸಿದರೆ ಪಾದದ ಕೆಳಗೆ ನೆಲವೇ ಹೋದ ಹಾಗಾಗುತ್ತದೆ, ಮೊಣಕಾಲಿನಲ್ಲಿ ಹಿಡಿಯುವ ಅಭ್ಯಾಸ ಇರುವವರಿಗೆ ಹಿಡಿಯೋಕೆ ಏನೂ ಸಿಗುವುದಿಲ್ಲ. ಅಲ್ಲಿ ಜಡ್ಜ್ ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಬಗ್ಗೆ ಹೇಳಿದರು. ಪೋಲಿಯೊ ಆಗಿ ಮೊಣಕಾಲಿನಿಂದ ಕೆಳಗೆ ಶಕ್ತಿ ಕಳೆದುಕೊಂಡಿದ್ದವರು ಅವರು. ಕುದುರೆ ಹತ್ತೋಕೂ ಇಳಿಯೋಕೂ ಇನ್ನೊಬ್ಬರ ಸಹಾಯ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಡ್ರೆಸಾಜ್‌ಗೆ ಮಹಿಳೆಯರನ್ನು ಮೊದಲ ಬಾರಿ ಬಿಟ್ಟ ವರ್ಷವೇ, ಅವರು ವೈಯಕ್ತಿಕ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೆ ಬೆಳ್ಳಿ. ಅಲ್ಲಿಯವರೆಗೆ ಒಲಿಂಪಿಕ್ ಡ್ರೆಸಾಜ್ ಅಂದರೆ ಬಹುಪಾಲು ಸೇನಾಧಿಕಾರಿಗಳದ್ದೇ. ಎಷ್ಟರ ಮಟ್ಟಿಗೆ ಅಂದರೆ 1948ರಲ್ಲಿ ಚಿನ್ನ ಗೆದ್ದಿದ್ದ ಸ್ವೀಡನ್ ತಂಡದ ಒಬ್ಬ ಸವಾರರು ಪೂರ್ಣ ಅಧಿಕಾರಿ ಅಲ್ಲ ಅಂತ ಆಮೇಲೆ ತಂಡದ ಪದಕವನ್ನೇ ವಾಪಸ್ ಪಡೆದರು. ಕೆಳಗಾಲಿನ ಬಲ ಇಲ್ಲದೆಯೂ ಕೂರುವ ರೀತಿಯಿಂದ, ಮೈತೂಕದಿಂದ ಕುದುರೆಯ ಜೊತೆ ಮಾತಾಡಬಹುದು ಅಂತ ತೋರಿಸಿದವರು ಹಾರ್ಟೆಲ್. ಇದನ್ನು ಕೇಳಿದ ಮೇಲೆ ನಮ್ಮ ಗುಂಪಿನಲ್ಲಿ ಸ್ಟಿರಪ್ ಉದ್ದದ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಹೀಗೆ ಸರಿಯಾದ ಹೊತ್ತಿಗೆ ಸರಿಯಾದ ಉದಾಹರಣೆ ಕೊಡುವುದು ಒಂದು ಕಲೆ, ಅದಕ್ಕೆ ನಾನು ಮನಸಾರೆ ಅಂಕ ಕೊಡುತ್ತೇನೆ.

ಈಗ ಅಂಕದ ಹಾಳೆ. ಪ್ರತಿ ಚಲನೆಗೂ 0 ಇಂದ 10ರವರೆಗೆ ಅಂಕ, ಅರ್ಧ ಅಂಕವೂ ಉಂಟು. 10 ಅಂದರೆ ಅತ್ಯುತ್ತಮ, 7 ಅಂದರೆ ಸಾಕಷ್ಟು ಚೆನ್ನಾಗಿದೆ, 6 ತೃಪ್ತಿಕರ, 5 ಅಂದರೆ ನಡೆಯುತ್ತದೆ, 4 ಅಂದರೆ ಸಾಲದು, 0 ಅಂದರೆ ಆ ಚಲನೆ ಮಾಡಲೇ ಇಲ್ಲ. ಇದು ಗೊತ್ತಿಲ್ಲದೆ ಹಾಳೆ ನೋಡಿದರೆ ಎದೆ ಒಡೆಯುತ್ತದೆ. ಶಾಲೆಯ ಲೆಕ್ಕದಲ್ಲಿ 60 ಅಂದರೆ ಮನೆಯಲ್ಲಿ ಬೈಸಿಕೊಳ್ಳುವ ಅಂಕ ಅಲ್ವಾ, ಇಲ್ಲಿ ಶೇಕಡಾ 60 ಅಂದರೆ ಹೇಳಿದ್ದನ್ನು ತೃಪ್ತಿಕರವಾಗಿ ಮಾಡಿದ್ದೀರಿ ಅಂತ. ಹೊಸ ವಿಭಾಗದಲ್ಲಿ ಮೊದಲ ಸಲಕ್ಕೆ ಇದು ಮರ್ಯಾದೆಯ ಅಂಕವೇ. ಹಾಳೆ ಕೊಡುವ ಮುಂಚೆಯೇ ಇದನ್ನೆಲ್ಲ ವಿವರಿಸಿದ್ದು ತುಂಬಾ ಒಳ್ಳೆಯದಾಯಿತು. ಇಲ್ಲದಿದ್ದರೆ ಅರ್ಧ ಜನ ಅಂಕ ನೋಡಿ ಮುಖ ಸಣ್ಣ ಮಾಡಿಕೊಂಡು ಟಿಪ್ಪಣಿ ಓದುತ್ತಲೇ ಇರಲಿಲ್ಲ.

ಟಿಪ್ಪಣಿ ಓದುವಾಗ ಎಲ್ಲಿ ಅಂಕ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ ಅಂತ ಮೊದಲು ನೋಡಿ. ಎಷ್ಟೋ ಟೆಸ್ಟ್‌ಗಳಲ್ಲಿ ಫ್ರೀ ವಾಕ್‌ಗೆ (ಲಗಾಮು ಉದ್ದ ಬಿಟ್ಟು ನಡೆಸುವ ನಡಿಗೆಗೆ) ಎರಡು ಪಟ್ಟು. ಜಂಪಿಂಗ್‌ನಿಂದ ಬಂದವರು ಇದನ್ನು ವಿಶ್ರಾಂತಿ ಅಂತ ತಿಳಿದು ಸುಮ್ನೆ ಲಗಾಮು ಬಿಟ್ಟು ಬರುತ್ತಾರೆ. ಜಡ್ಜ್ ನೋಡುವುದು ಬೇರೆ. ಕುದುರೆ ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚಬೇಕು, ಹಿಂಗಾಲಿನ ಗೊರಸು ಮುಂಗಾಲು ಇಟ್ಟ ಗುರುತನ್ನು ದಾಟಿ ಮುಂದೆ ಬೀಳಬೇಕು. ಮರಳಿನ ಮೇಲೆ ಗುರುತು ಸ್ಪಷ್ಟ ಇರುತ್ತದೆ, ಇಳಿದು ಹೋಗಿ ನೋಡಬಹುದು. ನಮ್ಮ ಜಡ್ಜ್ ನಿಜವಾಗಲೂ ಕರೆದುಕೊಂಡು ಹೋಗಿ ತೋರಿಸಿದರು. ಒಂದು ಕುದುರೆಯ ಹಿಂಗಾಲಿನ ಗುರುತು ಮುಂಗಾಲಿನ ಗುರುತಿನ ಮೇಲೇ ಬಿದ್ದಿತ್ತು, ಪಕ್ಕದಲ್ಲೇ ಇನ್ನೊಂದರದು ಒಂದು ಗೇಣು ಮುಂದೆ. ಇಷ್ಟು ಸುಲಭದ ಕಡೆ ಎರಡು ಪಟ್ಟು ಅಂಕ ಬಿಟ್ಟು ಬರುವುದು ಬೇಡ.

ಈವೆಂಟಿಂಗ್ (ಡ್ರೆಸಾಜ್, ಕ್ರಾಸ್-ಕಂಟ್ರಿ, ಜಂಪಿಂಗ್ ಮೂರೂ ಇರುವ ಸ್ಪರ್ಧೆ) ಕಡೆ ಆಸೆ ಇರುವವರಿಗೆ ಇನ್ನೊಂದು ಲೆಕ್ಕ. ಅಲ್ಲಿ ಡ್ರೆಸಾಜ್‌ನ ಶೇಕಡಾ ಅಂಕವನ್ನು 100ರಿಂದ ಕಳೆದರೆ ಬರುವುದೇ ನಿಮ್ಮ ಪೆನಾಲ್ಟಿ. 65 ಬಂದರೆ 35 ಪೆನಾಲ್ಟಿ ಹೊತ್ತುಕೊಂಡು ಮುಂದಿನ ಸುತ್ತಿಗೆ ಹೋಗುತ್ತೀರಿ. ಜಂಪಿಂಗ್ ಸುತ್ತಿನಲ್ಲಿ ಒಂದು ಕೋಲು ಬಿದ್ದರೆ 4. ಅಂದರೆ ಡ್ರೆಸಾಜ್‌ನಲ್ಲಿ ಶೇಕಡಾ 4 ಜಾಸ್ತಿ ತಂದರೆ ಒಂದು ಕೋಲು ಉಳಿಸಿದ ಹಾಗೆ. "ನನಗ್ಯಾಕೆ ಈ ವೃತ್ತ, ಈ ನಡುಗೆರೆ" ಅನ್ನುವವರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ.

ಸಲಹೆ ತೆಗೆದುಕೊಳ್ಳುವ ರೀತಿಯ ಬಗ್ಗೆ ಇನ್ನೆರಡು ಮಾತು. ವಾದ ಮಾಡುವುದು ಒಂದು ತೊಂದರೆಯಾದರೆ, ಮಾತುಮಾತಿಗೂ "ಸಾರಿ ಮೇಡಂ, ಸಾರಿ ಮೇಡಂ" ಅನ್ನುವುದು ಇನ್ನೊಂದು. ಒಬ್ಬರು ಹೀಗೆ ಮಾಡುತ್ತಿದ್ದರು, ಪಾಪ, ತುಂಬಾ ವಿನಯದವರು. ಆದರೆ ಪ್ರತಿ ಸಲ ಜಡ್ಜ್ ಅವರನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಪಾಠ ನಿಲ್ಲುತ್ತಿತ್ತು. ಸಲಹೆ ಅನ್ನುವುದು ಬೈಗುಳ ಅಲ್ಲ, ಕ್ಷಮೆ ಕೇಳುವಂಥದ್ದು ಅಲ್ಲಿ ಏನೂ ಇಲ್ಲ. "ಸರಿ ಮೇಡಂ" ಅಂದು ಹೊರಟರೆ ಸಾಕು. ಇದಕ್ಕಿಂತ ಕೆಟ್ಟದ್ದು ಅರ್ಥವಾಗದಿದ್ದರೂ ತಲೆ ಆಡಿಸುವುದು. ಹೊಸ ವಿಭಾಗದ ಮಾತುಗಳು ಗೊತ್ತಿರುವುದಿಲ್ಲ, ಅದು ಸಹಜ. "ಹೊರಗಿನ ಲಗಾಮಿಗೆ ತನ್ನಿ" ಅಂದರೆ ಏನು ಮಾಡಬೇಕು ಅಂತ ತಿಳಿಯದಿದ್ದರೆ ಕೇಳಿಬಿಡಿ. ಅಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಒಬ್ಬ ಹಿರಿಯ ಮಹಿಳೆ ಕೇಳಿದ್ದು: "ಸರಿಯಾಯ್ತು ಅಂತ ಕುದುರೆಯಲ್ಲಿ ನನಗೆ ಹೇಗೆ ಗೊತ್ತಾಗುತ್ತೆ?" ಜಡ್ಜ್ ಕಣ್ಣು ಅರಳಿತು. ಒಳಗಿನ ಲಗಾಮನ್ನು, ಅಂದರೆ ಕುದುರೆ ಬಾಗಿರುವ ಕಡೆಯದನ್ನು, ಒಂದೆರಡು ಹೆಜ್ಜೆ ಸಡಿಲ ಬಿಟ್ಟು ನೋಡಿ, ಆಗಲೂ ಕುದುರೆ ಅದೇ ಬಾಗು, ಅದೇ ದಾರಿ ಹಿಡಿದು ಬಂದರೆ ಅದು ನಿಮ್ಮ ಒಳಗಾಲು ಮತ್ತು ಹೊರಗಿನ ಲಗಾಮಿನ ನಡುವೆ ಇದೆ ಅಂತ ಅರ್ಥ ಅಂದರು. ಮನೆಯಲ್ಲಿ ಒಬ್ಬರೇ ಇದ್ದಾಗಲೂ ಮಾಡಿ ನೋಡಬಹುದಾದ ಪರೀಕ್ಷೆ. ಅಂಥ ಒಂದು ಉತ್ತರಕ್ಕೇ ಕೊಟ್ಟ ಹಣ ಸಾರ್ಥಕ.

ಕುದುರೆಯ ಹಿತದ ವಿಷಯದಲ್ಲಿ ಮಾತ್ರ ಯಾರ ಸಲಹೆಯನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಮೂಗುಪಟ್ಟಿ ಇನ್ನೂ ಬಿಗಿ ಮಾಡಿ ಅಂತ ಯಾರಾದರೂ ಹೇಳಿದರೆ, ಮೂಗಿನ ಮೂಳೆಯ ಮೇಲೆ ಎರಡು ಬೆರಳು ತೂರುವಷ್ಟು ಜಾಗ ಇರಲೇಬೇಕು ಅನ್ನುವುದನ್ನು ಮರೆಯಬೇಡಿ. ಲಗಾಮು ಎಳೆದು ಕುದುರೆಯ ಗಲ್ಲವನ್ನು ಎದೆಗೆ ತಾಗಿಸಿ ಅಂತ ಹೇಳುವವರೂ ಇದ್ದಾರೆ, ಕುದುರೆಯ ಮೂಗು ಲಂಬ ಗೆರೆಗಿಂತ ಹಿಂದೆ ಹೋಗುವುದು ನಿಯಮದ ಪ್ರಕಾರವೂ ಒಳ್ಳೆಯ ಅಂಕ ತರುವುದಿಲ್ಲ. ಬಾಲ ಬಡಿಯುತ್ತಿದ್ದರೆ, ಕಿವಿ ಹಿಂದಕ್ಕೆ ಅಂಟಿಸಿಕೊಂಡಿದ್ದರೆ, ಬಾಯಿ ತೆರೆಯುತ್ತಿದ್ದರೆ ನಿಲ್ಲಿಸಿ. ಇದನ್ನೂ ಮೃದುವಾಗಿ ಹೇಳಬಹುದು: "ನನ್ನ ಕುದುರೆಗೆ ಇದು ಹಿತ ಆಗ್ತಿಲ್ಲ ಅನ್ನಿಸುತ್ತೆ, ಸ್ವಲ್ಪ ವಾಕ್‌ಗೆ ಬರ್ತೀನಿ." ಒಳ್ಳೆಯ ಶಿಕ್ಷಕರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಜಡ್ಜ್ ಈ ವಿಷಯದಲ್ಲಿ ತುಂಬಾ ಗಟ್ಟಿ, ಶುರುವಾಗುವ ಮುಂಚೆ ತಾವೇ ಎಲ್ಲ ಕುದುರೆಗಳ ಮೂಗುಪಟ್ಟಿ ಮುಟ್ಟಿ ನೋಡಿದರು.

ಇನ್ನು ಒಂದು ಅಂಕ ಯಾಕೆ ಹೋಯಿತು ಅಂತ. ಮೊದಲನೆಯದು ಹೊರಗೆ ನಿಂತವರ ಗದ್ದಲ. ಬೇರೆ ಸವಾರರು, ಅವರ ಜೊತೆ ಬಂದವರು, ಲಾಯದವರು ಎಲ್ಲ ಕಟಕಟೆಗೆ ಒರಗಿಕೊಂಡು ಸಲಹೆ ಕೊಡುತ್ತಿದ್ದರು. ಒಬ್ಬರು ಹಿಮ್ಮಡಿ ಕೆಳಗೆ ಅಂದರೆ ಇನ್ನೊಬ್ಬರು ಕಾಲು ಹಿಂದೆ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು, ಆದರೆ ಹೊಸದಾಗಿ ಕಲಿಯುತ್ತಿರುವವರಿಗೆ ಯಾವುದನ್ನು ಹಿಡಿಯಬೇಕು ಅಂತ ತಿಳಿಯುವುದಿಲ್ಲ. ಸವಾರ ಒಳಗಿದ್ದಾಗ ಹೊರಗಿನವರು ಮಾತಾಡಬಾರದು ಅಂತ ಆಯೋಜಕರು ಒಂದು ನಿಯಮ ಹಾಕಬೇಕಿತ್ತು. ಅಂಥ ಜಾಗದಲ್ಲಿ ನೀವಿದ್ದರೆ, "ಥ್ಯಾಂಕ್ಸ್, ಈಗ ಮೇಡಂ ಹೇಳಿದ್ದು ಮುಗಿಸ್ತೀನಿ, ಆಮೇಲೆ ನಿಮ್ಮ ಹತ್ತಿರ ಬರ್ತೀನಿ" ಅನ್ನಿ. ಆಮೇಲೆ ನಿಜವಾಗಲೂ ಹೋಗಿ ಕೇಳಿ. ನಾನು ಹಾಗೆ ಹೋದಾಗ, ಲಾಯದಲ್ಲಿ ಕುದುರೆ ನೋಡಿಕೊಳ್ಳುವವರೊಬ್ಬರು ನಾನು ಹತ್ತಿದ್ದ ಕುದುರೆ ಎಡಗಡೆ ತಿರುಗುವಾಗ ಯಾವಾಗಲೂ ಗಟ್ಟಿ, ಬಲಗಡೆಯಿಂದ ಶುರು ಮಾಡಿದರೆ ಬೇಗ ಸಡಿಲ ಆಗುತ್ತದೆ ಅಂದರು. ಎರಡನೇ ಟೆಸ್ಟ್‌ಗೆ ಮುಂಚೆ ಹಾಗೇ ಮಾಡಿದೆ. ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಎರಡನೆಯದು ಕಾಯುವಿಕೆ. ಗುಂಪಿಗೆ ಜನ ಜಾಸ್ತಿ. ಎರಡು ಟೆಸ್ಟ್‌ಗಳ ನಡುವೆ ಕುದುರೆಗಳು ತುಂಬಾ ಹೊತ್ತು ನಿಂತು ಮೈ ತಣ್ಣಗಾದವು, ಮತ್ತೆ ಬೆಚ್ಚಗೆ ಮಾಡೋಕೆ ಜಾಗ ಚಿಕ್ಕದಿತ್ತು. ಮೂರನೆಯದು ಕಿವಿಗೆ ಹಾಕುವ ಇಯರ್‌ಪೀಸ್, ತಿದ್ದಿಸುವ ಹೊತ್ತಿನಲ್ಲಿ ಜಡ್ಜ್ ಮಾತು ಕೇಳಿಸಲಿ ಅಂತ ಕೊಟ್ಟದ್ದು. ಗಾಳಿ ಬೀಸಿದಾಗ ಅರ್ಧ ಮಾತು ಹಾರಿಹೋಗುತ್ತಿತ್ತು. ಕೇಳಿಸದಿದ್ದರೆ ಅಂದಾಜಿನಲ್ಲಿ ಮಾಡಬೇಡಿ, ಕೈ ಎತ್ತಿ. ಡ್ರೆಸಾಜ್ ಜೀನು ಇಲ್ಲದವರಿಗೆ ಎರವಲು ಕೊಡುತ್ತೇವೆ ಅಂದಿದ್ದರು, ಕೊಟ್ಟರೂ ಕೂಡ, ಆದರೆ ಕುದುರೆಯ ಬೆನ್ನಿಗೆ ಹೊಂದುವುದು ಸಿಗುವುದು ಅದೃಷ್ಟ. ಹೊಂದದ ಡ್ರೆಸಾಜ್ ಜೀನಿಗಿಂತ ಹೊಂದುವ ನಿಮ್ಮ ಹಳೆಯ ಜಂಪಿಂಗ್ ಜೀನೇ ವಾಸಿ. ಶುರುವಿನ ಟೆಸ್ಟ್‌ಗೆ ಅದು ಸಾಕು.

ಅಂಕದ ಹಾಳೆಯ ಕೈಬರಹ ಕೂಡ ಅಲ್ಲಲ್ಲಿ ಓದೋಕೆ ಆಗುವುದಿಲ್ಲ. ಬರೆಯುವವರ ತಪ್ಪಲ್ಲ, ಜಡ್ಜ್ ಒಂದರ ಹಿಂದೆ ಒಂದು ಹೇಳುತ್ತಲೇ ಇರುತ್ತಾರೆ. ಅಲ್ಲೇ ನಿಂತು ಓದಿ, ತಿಳಿಯದ್ದನ್ನು ಅಲ್ಲೇ ಕೇಳಿಕೊಂಡು ಬನ್ನಿ.

ವಾಪಸ್ ಬಂದ ಮೇಲೆ ನಿಮ್ಮ ಜಂಪಿಂಗ್ ಕೋಚ್‌ಗೆ ಹಾಳೆ ತೋರಿಸಿ. "ಅವರು ಹೀಗೆ ಹೇಳಿದರು, ನೀವು ಹಾಗೆ ಹೇಳ್ತೀರಿ" ಅಂತ ಇಬ್ಬರನ್ನು ಎದುರುಬದುರು ನಿಲ್ಲಿಸಬೇಡಿ. "ಇದರಲ್ಲಿ ನಮ್ಮ ಕೆಲಸಕ್ಕೆ ಯಾವುದು ಉಪಯೋಗ?" ಅಂತ ಕೇಳಿ. ನನ್ನ ಕೋಚ್ ಹಾಳೆಯನ್ನು ಪೂರ್ತಿ ಓದಿ, ವೃತ್ತದ ಎಣಿಕೆಯನ್ನು ಹಾಗೇ ಎತ್ತಿಕೊಂಡರು. ಈಗ ಬೇಲಿಗಳ ನಡುವಿನ ತಿರುವುಗಳಿಗೂ ಅದನ್ನೇ ಮಾಡಿಸುತ್ತಿದ್ದಾರೆ.

ಯಾರು ಹೋಗಬಹುದು? ಜಂಪಿಂಗ್, ಎಂಡ್ಯುರೆನ್ಸ್ (ದೂರದ ಸವಾರಿ), ಪೋಲೊ, ಯಾವ ಕಡೆಯಿಂದ ಬಂದವರಾದರೂ ಸರಿ, ಟ್ರಾಟ್‌ನಲ್ಲಿ ಭದ್ರವಾಗಿ ಕೂರೋಕೆ ಬಂದರೆ ಸಾಕು. ಬರೀ ಅಂಕ ತೆಗೆದುಕೊಂಡು ಹೊರಡುವ ಉದ್ದೇಶ ಇದ್ದರೆ ಸ್ಪರ್ಧೆಗೇ ಹೋಗಿ, ಇಲ್ಲಿ ಬೇಸರವಾಗುತ್ತದೆ. ಬುಕ್ ಮಾಡುವಾಗ ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿ, ಸಾಧ್ಯವಾದರೆ ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಕೇಳಿ. ಎರಡು ಟೆಸ್ಟನ್ನೂ ಒಬ್ಬರೇ ಜಡ್ಜ್ ನೋಡುತ್ತಾರಾ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಬೇರೆ ಬೇರೆಯವರಾದರೆ ಮೊದಲ ಸಲದ ಸಲಹೆ ಎರಡನೇ ಸಲಕ್ಕೆ ಎಷ್ಟು ಮಟ್ಟಿಗೆ ಇಳಿಯಿತು ಅಂತ ಹೇಳುವವರು ಇರುವುದಿಲ್ಲ.